ಎರಡುನೂರಾ ಹದಿನೇಳರ ಮೂರು ರೂಪ

“ಈ ಸಲ ಬಿಚ್ಚಬ್ಯಾಡ್ರಿ. ಯಾವುದರ ಒಂದು ಮಾಡಿ ಮುಗಸ್ರಿ.”

ಸಾವಂತ್ರವ್ವ ಗಂಡನಿಗೆ ಆಡಿದ ಕಡೇ ಮಾತು ಇದು.

ದ್ಯಾಮಣ್ಣ “ಹೂಂ” ಅಂದ. ಆಕೆ ಗೋಡೆಯ ಕಡೆ ಹೊರಳಿದಳು. ಬೆಳಕು ಹರಿಯುವಷ್ಟರಲ್ಲಿ ಇರಲಿಲ್ಲ.

ಮಣ್ಣು ಕೊಟ್ಟು ಬಂದು ಹತ್ತು ತಿಂಗಳಾಯಿತು. ಆ ಒಂದು “ಹೂಂ” ಇನ್ನೂ ಅವನ ಗಂಟಲಲ್ಲೇ ಇತ್ತು. ನುಂಗಲೂ ಬರಲಿಲ್ಲ, ಉಗುಳಲೂ ಬರಲಿಲ್ಲ.

ಮುಗಿಸಬೇಕಾದದ್ದು ದೊಡ್ಡ ಕೆಲಸವೇನಲ್ಲ. ಹಿತ್ತಾಳೆ ತಗಡಿನ ಒಂದು ಇಂಜಿನ್. ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ನೋಡಿದವರು ಆಟದ ಸಾಮಾನು ಅಂದಾರು. ದ್ಯಾಮಣ್ಣನಿಗೆ ಅದು ಆಟವಲ್ಲ.

ಅವನು ರೈಲ್ವೆಯಲ್ಲಿ ಉಗಿ ಇಂಜಿನ್ನಿಗೆ ಬೆಂಕಿ ಹಾಕಿದವನು. ಆಮೇಲೆ ಅದನ್ನು ಓಡಿಸಿದವನು. ಅವನ ಇಂಜಿನ್ನಿನ ನಂಬರು ಎರಡುನೂರಾ ಹದಿನೇಳು. ಅದು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ನೌಕರಿ ಮುಗಿದ ಮೇಲೆ ಅದನ್ನೇ ಸಣ್ಣದಾಗಿ ಮಾಡುತ್ತ ಕೂತ.

ಮೂರು ಸಲ ಮಾಡಿದ. ಮೂರು ಸಲ ಬಿಚ್ಚಿದ.

ಮೊದಲ ಸಲ ತಪ್ಪು ಹಿಡಿದವಳು ಸಾವಂತ್ರವ್ವ. ಅವನು ಚಿಮಣಿಯ ಬಾಯಿಗೆ ಹೊಳೆಯುವ ಉಂಗುರ ಕೂಡಿಸಿದ್ದ. ಹಿಂದೆ ದೊಡ್ಡ ಟೆಂಡರು, ಅಂದರೆ ಇಂಜಿನ್ನಿಗೆ ಬೇಕಾದ ಕಲ್ಲಿದ್ದಲು, ನೀರು ಹೊರುವ ಬಂಡಿ, ಅದನ್ನೂ ಕಟ್ಟಿದ್ದ. ಎರಡೂ ಅವನಿಗೆ ಇಷ್ಟ.

“ಇದೇನ್ರಿ ಇದು?” ಅಂದಳು. “ಉಂಗುರ ಇದ್ದಾಗ ಈ ಟೆಂಡರ್ ಎಲ್ಲಿತ್ತು? ಟೆಂಡರ್ ಬಂದಾಗ ಉಂಗುರ ಎಲ್ಲಿತ್ತು? ಮದುವಣಗಿತ್ತಿ ಮುಖಕ್ಕ ಮುದುಕಿ ಚಾಳೀಸು ಹಾಕೀರಲ್ಲ!”

ಹೌದಲ್ಲ ಅನ್ನಿಸಿತು. ಅಂಥ ಇಂಜಿನ್ ಯಾವ ಹಳಿಯ ಮೇಲೂ ಒಂದು ದಿನವೂ ನಿಂತಿರಲಿಲ್ಲ. ಬಿಚ್ಚಿದ.

ಎರಡನೇ ಸಲ ಗಾಲಿಯ ಕಡ್ಡಿ ತಪ್ಪಿತು.

“ಹನ್ನೆರಡು ಮಾಡೀರಿ. ಹದಿಮೂರು ಇದ್ದುವು.”

“ನಿನಗೇನ ಗೊತ್ತು?”

“ಬುತ್ತಿ ಹಿಡಕೊಂಡು ಇಂಜಿನ್ ಶೆಡ್ಡಿನ ಮುಂದ ನಿಂತಾಕಿ ನಾನು. ನೀವು ಬರೂತನಕ ಏನ್ ಮಾಡ್ಲಿ? ಎಣಿಸೀನಿ.”

ಬಿಚ್ಚಿದ.

ಮೂರನೇ ಸಲ ಆಕೆ ತಪ್ಪು ಹೇಳಲಿಲ್ಲ. ಅವನಾಗಿಯೇ ಬಿಚ್ಚಿದ. ಯಾಕೆ ಅಂತ ಆಕೆ ಕೇಳಲಿಲ್ಲ. ಅವನೂ ಹೇಳಲಿಲ್ಲ.

ಈಗ ಬಾಯ್ಲರು, ಗಾಲಿ, ತಳ ಸಿದ್ಧವಾಗಿದ್ದವು. ಚಿಮಣಿ, ಡ್ರೈವರ್ ನಿಲ್ಲುವ ಗೂಡು, ಟೆಂಡರು, ಇವಷ್ಟೇ ಕೂಡಿಸುವುದು ಉಳಿದಿತ್ತು. ಆದರೆ ಅವು ಮೂರು ಜೊತೆ ಇದ್ದವು. ಮೂರೂ ಎರಡುನೂರಾ ಹದಿನೇಳರವೇ. ಮೂರು ಕಾಲದವು. ಒಂದಕ್ಕೆ ಬೆಸುಗೆ ಹಾಕಿದರೆ ಉಳಿದೆರಡಕ್ಕೆ ಜಾಗವಿಲ್ಲ. ಇನ್ನೊಂದು ಇಂಜಿನ್ ಮಾಡುವಷ್ಟು ಕಣ್ಣೂ ಅವನಿಗೆ ಉಳಿದಿರಲಿಲ್ಲ.

ದಿನಾ ಬೆಳಿಗ್ಗೆ ಎದ್ದು ಮೂರು ಜೊತೆಯನ್ನೂ ಚಾಪೆಯ ಮೇಲೆ ಇಡುತ್ತಿದ್ದ. ನೋಡುತ್ತ ಕೂಡುತ್ತಿದ್ದ. ಸಂಜೆಗೆ ಪೆಟ್ಟಿಗೆಗೆ ತುಂಬುತ್ತಿದ್ದ.

ತಪ್ಪಾದರೆ ಹೇಳುವವರಿಲ್ಲ. ಸರಿಯಾದರೂ ಹೇಳುವವರಿಲ್ಲ.

ಒಂದು ದಿನ ಚಾಪೆ ಹಾಸಲಿಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಹತ್ತಿದ.

ಹೊಳೆಯ ದಂಡೆಗೆ ಒಂದು ಸಣ್ಣ ಮಠ. ಒಂದು ಬೇವಿನ ಮರ, ಎರಡು ಕೋಣೆ, ಒಂದು ಕಟ್ಟೆ. ಅಲ್ಲಿಯ ಅಜ್ಜಾರು ಒಂದು ಕಾಲಕ್ಕೆ ಡ್ರೈವರ್ ಮೌನೇಶಪ್ಪ. ದ್ಯಾಮಣ್ಣ ಹನ್ನೊಂದು ವರ್ಷ ಅವರ ಕೈಕೆಳಗೆ ಬೆಂಕಿ ಹಾಕಿದ್ದ. ಕಲ್ಲಿದ್ದಲನ್ನು ಎಲ್ಲಿ ತೆಳ್ಳಗೆ, ಎಲ್ಲಿ ದಪ್ಪಗೆ ಹರಡಬೇಕು ಅಂತ ಕಲಿಸಿದವರು ಅವರೇ. ಹೆಂಡತಿಯ ಮೇಲೆ ದನಿ ಏರಿಸಬೇಡ ಅಂತ ಬೈದವರೂ ಅವರೇ. ಒಂದು ದಿನ ಇಂಜಿನ್ನಿನಿಂದ ಇಳಿದವರು ತಿರುಗಿ ಹತ್ತಲಿಲ್ಲ. ಹೊಳೆಗೆ ಬಂದು ಕೂತರು. ಜನ ಅಜ್ಜಾರು ಅಂದರು. ಅವರೂ ಓ ಅಂದರು.

ದ್ಯಾಮಣ್ಣ ಹೋದಾಗ ಅಜ್ಜಾರು ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

“ಶರಣ್ರಿ ಅಜ್ಜಾರ.”

“ಶರಣು. ಯಾಂವಪಾ?”

“ದ್ಯಾಮಣ್ಣ ರೀ.”

“ಫೈರ್‌ಮನ್ ದ್ಯಾಮ?”

“ಡ್ರೈವರ್ ಆಗಿ ರಿಟೈರ್ ಆಗೀನ್ರಿ.”

“ನನಗ ಫೈರ್‌ಮನ್ನೇ. ಕುಂದರು. ಸಾವಂತ್ರಿ ಹೆಂಗದಾಳ?”

ದ್ಯಾಮಣ್ಣ ಹೇಳಿದ.

ಅಜ್ಜಾರು ಎಣ್ಣೆಯ ಬಟ್ಟಲು ಕೆಳಗಿಟ್ಟರು.

“ಬುತ್ತಿಯೊಳಗ ನನಗಂತ ಒಂದು ರೊಟ್ಟಿ ಹೆಚ್ಚಿಗಿ ಕಟ್ಟತಿದ್ಲು” ಅಂದರು. “ನೀ ಅದನ್ನೂ ತಿಂತಿದ್ದಿ.”

“ಹೌದ್ರಿ.”

“ಉಣ್ಣು ಏಳು.”

“ಹಸಿವಿಲ್ರಿ.”

“ಹಸದೀ ಏನು ಅಂತ ನಾ ಕೇಳಲಿಲ್ಲ.”

ಉಂಡ. ಎರಡು ರೊಟ್ಟಿ, ಬದನೆಕಾಯಿ ಪಲ್ಯ. ಉಂಡಾದ ಮೇಲೆ ಹಸಿದಿದ್ದೆ ಅಂತ ತಿಳಿಯಿತು.

ಆಮೇಲೆ ಪೆಟ್ಟಿಗೆ ತೆರೆದ. ತಳ, ಬಾಯ್ಲರು, ಗಾಲಿ ನಡುವೆ ಇಟ್ಟ. ಅದರ ಮುಂದೆ ಮೂರು ಜೊತೆ ಸಾಲಾಗಿ ಇಟ್ಟ. ಸಾವಂತ್ರವ್ವ ಏನಂದಳು, ತಾನೇನಂದೆ ಅನ್ನುವುದನ್ನೂ ಹೇಳಿದ.

“ಯಾವುದನ್ನ ಕೂಡಸ್ಲಿ, ಒಂದು ಮಾತು ಹೇಳಿಬಿಡ್ರಿ ಅಜ್ಜಾರ. ನೀವು ಹೇಳಿದ್ದು ಮಾಡತೀನಿ.”

“ನಾ ಹೇಳಿದ್ದು ಎಂದರ ಮಾಡೀ ಏನು?”

“ಬೆಂಕಿ ಮಾತಿನಾಗ ಮಾಡೀನಲ್ರಿ.”

“ಅದೊಂದರಾಗ ಹೌದು.”

ಅಜ್ಜಾರು ಮೊದಲ ಜೊತೆಯ ಚಿಮಣಿ ಎತ್ತಿಕೊಂಡರು. ಕುಂಟುತ್ತ ಕಟ್ಟೆ ಇಳಿದರು. ಹೊಳೆಯ ಕಡೆ ನಡೆದರು. ಕೈ ಎತ್ತಿದರು.

ದ್ಯಾಮಣ್ಣ ಧಡಕ್ಕನೆ ಎದ್ದ.

“ಅಜ್ಜಾರ! ಹೊಳಿಗೆ ಒಗೀಬ್ಯಾಡ್ರಿ!”

ಅಜ್ಜಾರು ತಿರುಗಿ ನೋಡಿದರು.

“ಬೆಳಕಿಗೆ ಹಿಡದೀನೋ ಹುಚ್ಚಾ. ಕಣ್ಣು ಮಂಜಾಗ್ಯಾವು. ಹೊಳಿಗೆ ಒಗಿಯೂ ಗುರು ಬೇಕಾದ್ರ ಆ ದಂಡಿಗೆ ಹೋಗು, ಅಲ್ಲೊಬ್ಬಾತ ಅದಾನ.”

ತಿರುಗಾಡಿಸಿ ನೋಡಿದರು. ಉಂಗುರದ ಮೇಲೆ ಉಗುರು ಆಡಿಸಿದರು.

“ಇದನ್ನ ಹಿತ್ತಾಳಿದು ಮಾಡೀಯಲ್ಲ.”

“ಹಿತ್ತಾಳೀದ ಇತ್ತಲ್ರಿ.”

“ತಾಮ್ರ.”

“ಹಿತ್ತಾಳಿ ರೀ. ದಿನಾ ಹುಣಸಿಹಣ್ಣು ಹಚ್ಚಿ ತಿಕ್ಕಿದಾಂವ ನಾನು.”

“ದಿನಾ ಅದರ ಹೊಗಿ ಕುಡದಾಂವ ನಾನು. ತಾಮ್ರ.”

“ಅಜ್ಜಾರ, ನಿಮ್ಮ ಕಾಲಿಗೆ ಬೀಳತೀನಿ, ಹಿತ್ತಾಳಿ.”

“ಕಾಲಿಗೆ ಬಿದ್ರ ತಾಮ್ರ ಹಿತ್ತಾಳಿ ಆಗತೈತೇನೋ? ಸಾವಂತ್ರೀನ ಕೇಳೂಣು ಬಾ.”

ಬಾಯಿಂದ ಬಂದುಬಿಟ್ಟಿತು.

ಹೊಳೆಯಲ್ಲಿ ಯಾರೋ ಎಮ್ಮೆ ಮೈ ತಿಕ್ಕುತ್ತಿದ್ದರು. ಆ ಸಪ್ಪಳ ಕೇಳುತ್ತಿತ್ತು.

ಅಜ್ಜಾರು ತಿರುಗಿ ಬಂದು ಕಟ್ಟೆಯ ಮೇಲೆ ಕೂತರು. ಚಿಮಣಿಯನ್ನು ಮೆಲ್ಲಗೆ ಅದರ ಜಾಗದಲ್ಲಿ ಇಟ್ಟರು.

“ಇನ್ನ ಅದು ಹಿತ್ತಾಳೀನೂ ಅಲ್ಲ, ತಾಮ್ರಾನೂ ಅಲ್ಲ” ಅಂದರು.

ದ್ಯಾಮಣ್ಣನಿಗೆ ಸಿಟ್ಟು ಬಂತು. ಹತ್ತು ತಿಂಗಳಲ್ಲಿ ಮೊದಲ ಸಲ ಬಂದ ಸಿಟ್ಟು.

“ಹಂಗಂದ್ರ ನಾ ಏನ್ ಮಾಡ್ಲಿ? ನಿಮ್ಮನ್ನ ಬಿಟ್ರ ಆ ಇಂಜಿನ್ ನೋಡಿದವರು ಯಾರೂ ಉಳದಿಲ್ಲ. ನೀವೂ ಹಿಂಗ ಅಂದ್ರ?”

“ಮುಂದಿಂದು ತೋರಸು.”

ಎರಡನೇ ಜೊತೆ. ಉಂಗುರವಿಲ್ಲದ ನೆಟ್ಟನೆಯ ಚಿಮಣಿ. ದೊಡ್ಡ ಟೆಂಡರು. ಮುಂದೆ ಬಟ್ಟಲಿನಷ್ಟು ಅಗಲದ ದೀಪ.

“ಇದು ನೀವು ಇಳದು ಹೋದಮ್ಯಾಲಿಂದು. ಶೆಡ್ಡಿನಾಗ ಬಿಚ್ಚಿ ಹೊಸಾದು ಮಾಡಿದ್ರು. ಟಪಾಲು ಒಯ್ಯೂ ಮೇಲ್ ಗಾಡಿಗೆ ಹಾಕಿದ್ರು. ನಾನ ಡ್ರೈವರ್.”

ಹೇಳುತ್ತ ಹೇಳುತ್ತ ದ್ಯಾಮಣ್ಣನ ಬೆನ್ನು ನೆಟ್ಟಗಾಯಿತು.

“ಸ್ಟೇಶನ್ನಿಗೆ ಬಂದ್ರ ಮಂದಿ ಎದ್ದು ನಿಂತು ನೋಡತಿದ್ರು. ಸ್ಟೇಶನ್ ಮಾಸ್ತರು ತಮ್ಮ ಗಡಿಯಾರಾ ನನ್ನ ಗಾಡಿ ನೋಡಿ ತಿದ್ದಕೋತಿದ್ರು.”

“ಚಂದೈತಿ.”

“ಹೌದಲ್ರಿ?”

“ಸಾವಂತ್ರಿ ಆಗ ಎಲ್ಲಿದ್ಲು?”

“ಮನ್ಯಾಗ್ರಿ.”

“ಏನ್ ಮಾಡತಿದ್ಲು?”

ದ್ಯಾಮಣ್ಣ ಯೋಚಿಸಿದ.

“ಬಾಗಲಾ ತಗೀತಿದ್ಲು.”

“ಆಮ್ಯಾಲೆ?”

“ನಾ ಮಲಗತಿದ್ದೆ.”

“ಆಮ್ಯಾಲೆ?”

“ಎದ್ದು ಡ್ಯೂಟಿಗೆ ಹೋಗತಿದ್ದೆ.”

“ಎಷ್ಟು ವರ್ಷ?”

“ಒಂಬತ್ರಿ.”

ಅಜ್ಜಾರು ಮುಂದೆ ಕೇಳಲಿಲ್ಲ. ದ್ಯಾಮಣ್ಣ ತಾನೇ ಆ ಒಂಬತ್ತು ವರ್ಷದೊಳಗೆ ಹೆಂಡತಿಯ ಮುಖ ಹುಡುಕಿದ. ಬಾಗಿಲು ಸಿಕ್ಕಿತು. ಅಗಳಿ ಸರಿಸುವ ಸಪ್ಪಳ ಸಿಕ್ಕಿತು. ಮುಚ್ಚಿಟ್ಟ ತಾಟು ಸಿಕ್ಕಿತು. ಮುಖ ಸಿಗಲಿಲ್ಲ.

ಬೆನ್ನು ಮತ್ತೆ ಬಾಗಿತು.

ಬಿಸಿಲು ಕಟ್ಟೆಯಿಂದ ಇಳಿದಿತ್ತು. ಅಜ್ಜಾರು ಕಾಲು ಚಾಚಿಕೊಂಡರು.

“ಇನ್ನೊಂದು ಐತಲ್ಲ.”

“ಅದು ಬಿಡ್ರಿ. ಕಡೀಕಿಂದು.”

“ಬಿಡೂದಾದ್ರ ಬಸ್ಸಿನಾಗ ಹೊತಗೊಂಡು ಯಾಕ ಬಂದಿ?”

ದ್ಯಾಮಣ್ಣ ಮೂರನೆಯದನ್ನು ಮುಂದೆ ತಳ್ಳಿದ. ಗೂಡಿಗೆ ಎರಡು ತೇಪೆ. ನಂಬರಿನ ತಗಡು ಇಲ್ಲ. ತಗಡು ಕಳುವಾದ ಮೇಲೆ ಶೆಡ್ಡಿನವರು ಸೀಮೆಸುಣ್ಣದಲ್ಲಿ ಬರೆದಿದ್ದರು. ಅದನ್ನೂ ಹಾಗೆಯೇ ಬಿಳಿ ಬಣ್ಣದಲ್ಲಿ ಸೊಟ್ಟಗೆ ಬರೆದಿದ್ದ.

“ಕಣ್ಣಿನ ಪರೀಕ್ಷಾದಾಗ ಫೇಲ್ ಆದೆ. ಮೇಲ್ ಗಾಡಿ ಕಸಗೊಂಡ್ರು. ಅದ ವರ್ಷ ಇದಕ್ಕೂ ವಯಸ್ಸಾತು ಅಂದ್ರು. ಇಬ್ಬರನ್ನೂ ಕೂಡೇ ಯಾರ್ಡಿಗೆ ಹಾಕಿದ್ರು. ಗೂಡ್ಸ್ ಗಾಡಿ ಡಬ್ಬಿ ಈ ಕಡಿಂದ ಆ ಕಡಿ ತಳ್ಳೂದು. ದಿನಾ ಅದ.”

ಅಜ್ಜಾರು ಟೆಂಡರು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಅಂಗೈಯಿಂದ ಮುಟ್ಟಲಿಲ್ಲ. ಕೈಯ ಹಿಂಬದಿಯನ್ನು ಅದರ ಮೈಮೇಲೆ ಸರಿಸಿದರು. ಗಾಡಿ ನಿಂತಾಗ ಡ್ರೈವರ್ ಕೆಳಗಿಳಿದು, ಗಾಲಿಯ ಅಚ್ಚು ಕಾದಿದೆಯೇ ಅಂತ ಮುಟ್ಟಿ ನೋಡುವುದು ಹೀಗೆಯೇ. ಅಂಗೈ ಸುಟ್ಟುಕೊಂಡರೆ ಮುಂದೆ ಹಿಡಿಕೆ ಹಿಡಿಯುವವರಾರು? ಕೆಲಸ ಬಿಟ್ಟು ನಲವತ್ತು ವರ್ಷದ ಮೇಲಾದರೂ ಆ ಕೈ ಅದನ್ನು ಮರೆತಿರಲಿಲ್ಲ.

“ಯಾರ್ಡಿನಾಗ ಎಷ್ಟು ವರ್ಷ?”

“ಎಂಟ್ರಿ.”

“ಎಂಟು ವರ್ಷ ಡಬ್ಬಿ ತಳ್ಳಿದ ಟೆಂಡರ್ ಇಷ್ಟು ನುಣುಪೇನೋ? ಕೂಸಿನ ಗಲ್ಲ ಮುಟ್ಟಿದಂಗ ಆಗತೈತಿ.”



ಅಜ್ಜಾರು ಕಾದರು. ಅವರಿಗೆ ಬೇರೆ ಕೆಲಸವೂ ಇದ್ದಂತಿರಲಿಲ್ಲ.

“ತಗ್ಗು ಇತ್ರಿ ಒಂದು” ಅಂದ ಕಡೆಗೆ.

“ಎಲ್ಲಿ?”

“ಎಡಗಡೆ. ಹಿಂದ.”

“ಯಾರು ಮಾಡಿದ್ದು?”

“ನಾನ್ರಿ.”

ಯಾರ್ಡಿನ ಮೊದಲ ದಿನ. ಹಿಂದಕ್ಕೆ ಬಿಡುತ್ತಿದ್ದ. ಪಕ್ಕದ ಹಳಿಯ ಡಬ್ಬಿ ಪೂರಾ ಸರಿದಿರಲಿಲ್ಲ. ಅವನ ಕಣ್ಣಿಗೆ ಸರಿದಂತೆ ಕಂಡಿತು. ಡಬ್ಬಿಯ ಮೂಲೆ ಟೆಂಡರಿನ ಎಡಮೈಗೆ ಬಡಿಯಿತು. ಇಡೀ ಯಾರ್ಡು ತಿರುಗಿ ನೋಡಿತು. ‘ಬಂದ್ರಪ್ಪ ಮೇಲ್ ಡ್ರೈವರ್! ಮೊದಲ ದಿನಾನ ಡಬ್ಬಿಗೆ ಮುತ್ತು ಕೊಟ್ರು!’ ಅಂತ ಯಾವನೋ ಕೂಗಿದ. ಎಲ್ಲರೂ ನಕ್ಕರು.

“ಮಧ್ಯಾಹ್ನಕ್ಕ ನಮ್ಮಾಕಿ ಬುತ್ತಿ ತಂದ್ಲು. ಒಂಬತ್ತು ವರ್ಷ ಆದಮ್ಯಾಲೆ ತಂದ ಬುತ್ತಿ. ತಗ್ಗು ನೋಡಿದ್ಲು. ನಾ ಮಾರಿ ತಿರುವಿದೆ.”

“ಏನಂದ್ಲು?”

“ಏನಿಲ್ರಿ.”

“ಏನಂದ್ಲೋ?”

ಟೆಂಡರಿನ ಬುಡಕ್ಕೆ ಅರ್ಧ ಗೇಣು ಹೊರಗೆ ಚಾಚಿದ ಪಟ್ಟಿ ಇರುತ್ತದೆ. ತಗ್ಗು ಬಿದ್ದದ್ದು ಸರಿಯಾಗಿ ಅದರ ಮೇಲ್ಗಡೆಯ ಮೈಗೆ. ಸಾವಂತ್ರವ್ವ ತಗ್ಗಿನೊಳಗೆ ಕೈ ಇಟ್ಟು ಅಳತೆ ನೋಡಿದ್ದಳು. ಆಮೇಲೆ ಬುತ್ತಿಯ ಗಂಟನ್ನು ಅದರೊಳಗೆ ಇಟ್ಟಿದ್ದಳು. ಗಂಟು ಅಲುಗದೆ ಕೂತಿತ್ತು.

“‘ಚಲೋ ಆತು ಬಿಡ್ರಿ, ಬುತ್ತಿ ಇಡಾಕ ಇಲ್ಲಿ ಒಂದು ಜಾಗ ಇದ್ದಿಲ್ಲ’ ಅಂದ್ಲು.”

ಅಜ್ಜಾರು ನಕ್ಕರು. ನಗು ಕೆಮ್ಮಾಯಿತು. ಕೆಮ್ಮಿ ಕೆಮ್ಮಿ ಕಣ್ಣು ಒರೆಸಿಕೊಂಡರು.

“ಎಂಟು ವರ್ಷ ಬುತ್ತಿ ಅಲ್ಲೇ ಇಟ್ಲೇನು?”

“ದಿನಾ ಅಲ್ಲೇ.”

“ಸಂಜಿಗೆ ಮನಿಗೆ ಹೋಗತಿದ್ದೇನು?”

“ಐದಕ್ಕ ಮನ್ಯಾಗ ಇರತಿದ್ದೆ.”

“ಮಾತಾಡತಿದ್ರೇನು?”

“ನಾ ಆಡತಿದ್ದಿಲ್ರಿ. ಮೇಲ್ ಡ್ರೈವರ್ ಆಗಿದ್ದಾಂವ ಡಬ್ಬಿ ತಳ್ಳಿ ಬಂದು ಏನ್ ಮಾತಾಡ್ಲಿ? ಆಕೀನ ಆಡತಿದ್ಲು.”

“ಏನು?”

“ಎಲ್ಲಾ. ಉಪ್ಪಿನಕಾಯಿ ಭರಣಿಗೆ ಇರಿವಿ ಹತ್ತಿದ್ದು. ಕ್ವಾರ್ಟರ್ಸಿನ ನಳಕ್ಕ ನೀರು ಬರಲಾರದ್ದು. ಗಾರ್ಡ್ ಸಾಹೇಬ್ರ ಹೇಂತಿ ಹೊಸಾ ಮೂಗುತಿ ತೋರಸಾಕಂತನ ದಿನಕ್ಕ ಮೂರು ಸಲ ಸಕ್ಕರಿ ಕೇಳಾಕ ಬರತಿದ್ಲಂತ. ‘ಒಂದ ಬಟ್ಟಲ ಸಕ್ಕರಿ ಕೊಡಬೇ ಸಾವಂತ್ರಿ’ ಅಂತ ಮೂಗು ಹಿಂಗ ಎತ್ತಿ...”

ದ್ಯಾಮಣ್ಣ ತನ್ನ ಮೂಗು ಎತ್ತಿ ಎಡಕ್ಕೂ ಬಲಕ್ಕೂ ತಿರುಗಿಸಿ ತೋರಿಸಿದ. ಸಾವಂತ್ರವ್ವ ತೋರಿಸುತ್ತಿದ್ದದ್ದು ಹಾಗೆಯೇ. ಹಣೆಯ ಮೇಲೆ ಜಾರಿದ ಆಕೆಯ ಕೂದಲು ಕಂಡಿತು. ಒಲೆಯ ಬೆಳಕಿಗೆ ಕೆಂಪಾದ ಗಲ್ಲ ಕಂಡಿತು. ಮೇಲಿನ ಸಾಲಿನ ಮುರುಕು ಹಲ್ಲು ಕಂಡಿತು.

ಮೂಗು ಎತ್ತಿದವನು ಎತ್ತಿದಂತೆಯೇ ಕೂತುಬಿಟ್ಟ.

ಅಜ್ಜಾರು ಹೊಳೆಯ ಕಡೆ ನೋಡುತ್ತಿದ್ದರು.

“ಮೂರನೇ ಸಲ ನಾ ಕೂಡಿಸಿದ್ದು ಇದನ್ನ ರೀ” ಅಂದ ದ್ಯಾಮಣ್ಣ. ದನಿ ಬಹಳ ಸಣ್ಣಗಿತ್ತು. “ಪೂರಾ ಆಗಿತ್ತು. ಆಕಿ ಕೈಯಾಗ ಕೊಟ್ಟೆ. ಆಕಿ ಟೆಂಡರ್ ಮ್ಯಾಲೆ ಬೆರಳು ಆಡಿಸಿದ್ಲು. ಎಡಗಡೆ, ಹಿಂದ. ಅಲ್ಲೇ ಎರಡು ಸಲ ಆಡಿಸಿದ್ಲು. ಏನೂ ಅನಲಿಲ್ಲ, ತಿರುಗಿ ನನ್ನ ಕೈಯಾಗ ಕೊಟ್ಲು. ಮರುದಿನ ಬಿಚ್ಚಿದೆ.”

“ತಗ್ಗು ಯಾಕ ಮಾಡಲಿಲ್ಲ?”

“ನೋಡಿದ ಮಂದಿ ಏನಂತಾರ್ರಿ?”

“ಇಲ್ಲೀತನಕ ಎಷ್ಟು ಮಂದಿ ನೋಡ್ಯಾರ?”

ದ್ಯಾಮಣ್ಣ ತಲೆ ತಗ್ಗಿಸಿದ.

“ಒಬ್ಬಾಕೀನ.”

ಹೊತ್ತು ಇಳಿಯಿತು. ಎಮ್ಮೆ ತಿಕ್ಕುವವರು ಎಮ್ಮೆ ಹೊಡೆದುಕೊಂಡು ಹೋದರು. ದಂಡೆಯ ಮೇಲೆ ಹಸಿ ಹೆಜ್ಜೆ ಉಳಿದವು.

“ಹಂಗಾದ್ರ ಮೂರನೇದ್ದನ್ನ ಕೂಡಸ್ಲೇನ್ರಿ?”

“ನಾ ಹಂಗ ಅಂದೆನೇನು?”

“ಮತ್ತ ಎರಡನೇದ್ದು?”

“ನಾ ಹಂಗೂ ಅಂದಿಲ್ಲ.”

“ಏನರ ಒಂದು ಅನ್ರಿ ಅಜ್ಜಾರ. ದಣದೀನಿ.”

“ನಾನೂ ದಣದೀನೋ.”

ಇಬ್ಬರೂ ಹಾಗೇ ಕೂತರು. ಒಬ್ಬನಿಗೆ ಎಂಬತ್ತು, ಇನ್ನೊಬ್ಬರಿಗೆ ಅದಕ್ಕೂ ಮೇಲೆ.

“ಕೂಡಿಸಿದ್ರ ತಗ್ಗು ಹೊಡದ ಕೂಡಿಸಬೇಕು” ಅಂದ ದ್ಯಾಮಣ್ಣ. ಅಜ್ಜಾರಿಗೆ ಹೇಳಿದಂತಿರಲಿಲ್ಲ. “ಹೊಡಿಯೂದು ಹೆಂಗ? ನಾಕು ತಿಂಗಳು ಅರ ಹಾಕಿ, ಬೂದಿ ಹಚ್ಚಿ ತಿಕ್ಕಿ ನುಣುಪು ಮಾಡೀನಿ. ತಗಡು ತೆಳ್ಳಗ ಐತಿ. ಒಂದು ಏಟು ತಪ್ಪಿದ್ರ ಬೆಸುಗಿ ಬಿಡತೈತಿ. ಮತ್ತ ಮಾಡಾಕ ನನಗ ಕಣ್ಣಿಲ್ಲ. ಆಕಿಗೆ ಹೂಂ ಅಂದದ್ದು ಅಲ್ಲಿಗೇ ಹೋತು.”

“ಹಂಗಾದ್ರ ಹೊಡೀಬ್ಯಾಡ.”

“ಹೊಡೀದಿದ್ರ ಅದು ನಮ್ಮ ಬಂಡಿ ಅಲ್ಲ.”

“ಹಂಗಾದ್ರ ಹೊಡಿ.”

“ಅಜ್ಜಾರ, ನೀವು ನನ್ನ ಕೂಡ ಚಾಷ್ಟಿ ಮಾಡತೀರಿ.”

“ಹನ್ನೊಂದು ವರ್ಷ ನಿನಗ ಬೆಂಕಿ ಹಾಕೂದು ಕಲಿಸೀನಿ. ಒಂದು ದಿನಾ ನಾ ಸಲಿಕಿ ಹಿಡದೀನೇನು?”

“ಇಲ್ರಿ.”

“ಈಗೂ ಹಿಡಿಯೂದಿಲ್ಲ.”

ಅಜ್ಜಾರು ಮೊಣಕಾಲಿನ ಮೇಲೆ ಕೈ ಊರಿ ಎದ್ದರು. ಎದ್ದ ಮೇಲೆ ಒಂದು ಕ್ಷಣ ನಿಂತು ನೋವು ಇಳಿಯಲಿ ಅಂತ ಕಾದರು.

“ಕಡೇ ಬಸ್ಸು ಹೋತು. ಚಾಪಿ ಅಲ್ಲೈತಿ. ನಾಯಿ ಬರತಾವು, ಪೆಟ್ಟಿಗಿ ಒಳಗಿಟ್ಟಕೊ.”

ಒಳಗೆ ಹೋದರು.

ದ್ಯಾಮಣ್ಣ ಟೆಂಡರು ಹಿಡಿದುಕೊಂಡು ಬೆಳಕು ಇರುವ ತನಕ ಕಟ್ಟೆಯ ಮೇಲೆಯೇ ಕೂತ. ಹೆಬ್ಬೆರಳಿನಿಂದ ಎಡಮೈ ಒತ್ತಿ ನೋಡಿದ. ತಗಡು ಮಣಿಯಲಿಲ್ಲ. ಇಷ್ಟು ಚಂದ ಬಂದ ಕೆಲಸ ಅವನ ಕೈಯಿಂದ ಬೇರೊಂದು ಆಗಿರಲಿಲ್ಲ. ಮೂರು ಜೊತೆಯನ್ನೂ ತುಂಬಿ ಪೆಟ್ಟಿಗೆ ಮುಚ್ಚಿದ. ಮಲಗಿದ. ಕನಸು ಬೀಳಲಿಲ್ಲ. ಯಾರ ದನಿಯೂ ಕೇಳಲಿಲ್ಲ. ಹತ್ತು ತಿಂಗಳಿಂದ ಬಾರದ ನಿದ್ದೆ ಮಾತ್ರ ಬಂತು.

ಮರುದಿನ ಬೆಳಿಗ್ಗೆ ಬೇಗ ಎದ್ದ. ಹೊಳೆಗೆ ಇಳಿದು ಮುಖ ತೊಳೆದ. ದಂಡೆಯ ಮೇಲಿನ ಒಣ ಉಸುಕನ್ನು ಟವೆಲಿಗೆ ತುಂಬಿ ಗಂಟು ಕಟ್ಟಿದ. ಬಟ್ಟೆ ಒಗೆಯುವ ಚಪ್ಪಟೆ ಕಲ್ಲಿನ ಮೇಲೆ ಆ ಗಂಟು ಇಟ್ಟ. ಪೆಟ್ಟಿಗೆಯಿಂದ ಟೆಂಡರು, ಸುತ್ತಿಗೆ ತಂದ. ಬೆಸುಗೆ ಬಿಡದಿರಲಿ ಅಂತ ಅದರೊಳಗೂ ಉಸುಕು ತುಂಬಿದ. ಎಡಮೈ ಮೇಲೆ ಮಾಡಿ ಗಂಟಿನ ಮೇಲೆ ಮಲಗಿಸಿದ.

ಅಜ್ಜಾರು ತಂಬಿಗೆ ಹಿಡಿದು ಮೆಟ್ಟಿಲು ಇಳಿದು ಬಂದರು. ಪಕ್ಕದ ಕಲ್ಲಿನ ಮೇಲೆ ಕೂತು ಬೇವಿನ ಕಡ್ಡಿ ಅಗಿಯತೊಡಗಿದರು.

ದ್ಯಾಮಣ್ಣ ಚಾಳೀಸು ತೆಗೆದು, ಒರೆಸಿ, ಹಾಕಿಕೊಂಡ. ಬುಡದ ಪಟ್ಟಿಯಿಂದ ಮೇಲೆ, ಹಿಂದಿನ ಮೂಲೆಯಿಂದ ಒಳಗೆ, ಬೆರಳಿಟ್ಟು ಅಳೆದ. ಆಕೆಯ ಕೈ ಎಷ್ಟು ಎತ್ತರಕ್ಕಿತ್ತು ಅಂತ ನೆನೆದ. ಗುಂಡುತಲೆಯ ಸಣ್ಣ ಸುತ್ತಿಗೆ ಎತ್ತಿದ.

ಮೊದಲ ಏಟಿಗೆ ಬರೀ ಒಂದು ಚುಕ್ಕೆ ಬಿತ್ತು. ಕೈ ಹಿಂದೆ ಜಗ್ಗಿತ್ತು.

ಎರಡನೆಯದು ಬಿಟ್ಟು ಹೊಡೆದ. ಕಣ್ಣು ಮುಚ್ಚಲಿಲ್ಲ.

ತಗಡು ಒಳಗೆ ಕುಸಿಯಿತು.

ಒಳಗಿನ ಉಸುಕು ಸುರುವಿದ. ಬೆಸುಗೆಯ ಗೆರೆಯ ಮೇಲೆ ಉಗುರು ಎಳೆದು ನೋಡಿದ. ಎಲ್ಲೂ ಬಿಟ್ಟಿರಲಿಲ್ಲ. ಕಿರುಬೆರಳ ತುದಿಯನ್ನು ತಗ್ಗಿನಲ್ಲಿ ಇಟ್ಟ. ಕೂತಿತು. ತೆಗೆಯಲಿಲ್ಲ. ಹಾಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತ.

ಆಮೇಲೆ ಟೆಂಡರನ್ನು ಎರಡೂ ಕೈಯಲ್ಲಿ ಹಿಡಿದು ಅಜ್ಜಾರ ಮುಂದೆ ಚಾಚಿದ.

“ಅಜ್ಜಾರ, ಹಿಂಗ ಇತ್ತೇನ್ರಿ? ಸರಿ ಬಂತೇನ್ರಿ?”

ಅಜ್ಜಾರು ಕೈ ಮುಂದೆ ಮಾಡಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿದರು.

“ನನ್ನ ಯಾಕ ಕೇಳತೀ? ನಾ ಆಗ ಇದ್ದಿಲ್ಲ. ನೀ ಇದ್ದಿ.”